ಜರ್ಮನಿಯ ಕೂಲಿಕಾರ, ಜರ್ಮನಿಯ ಅಂಗಡಿಕಾರ
(ಕಾರ್ಮಿಕರ ಮತ್ತು ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಿಟ್ಲರನ ಹೆಸರೆತ್ತಿದೊಡನೆ ನಮಗೆ ಯುದ್ಧ, ನರಮೇಧಗಳು ನೆನಪಾಗುತ್ತವೆ. ಆದರೆ ಅವನಿಗೆ ದಾರಿಯಾದ ಹದಿನಾಲ್ಕು ವರ್ಷಗಳ ಕಥೆ ಬಟವಾಡೆಯ ದಿನದ್ದು, ಅಂಗಡಿಯ ಗಲ್ಲೆಯದು. ನಾವು ಅದನ್ನು ಆ ಕಡೆಯಿಂದಲೇ ನೋಡೋಣ.

1914ರಲ್ಲಿ ಒಂದು ಡಾಲರಿಗೆ ನಾಲ್ಕು ಮಾರ್ಕು ಚಿಲ್ಲರೆ. 1923ರ ನವೆಂಬರಿನಲ್ಲಿ ಅದೇ ಡಾಲರಿಗೆ ನಾಲ್ಕು ಲಕ್ಷ ಕೋಟಿ ಮಾರ್ಕು! ಯುದ್ಧವನ್ನು ಸಾಲದ ಮೇಲೆ ನಡೆಸಿದ್ದರು. ಸೋತ ಮೇಲೆ ಗೆದ್ದವರಿಗೆ ಪರಿಹಾರ ತೆರುವ ಹೊರೆ ಬಿತ್ತು. 1923ರ ಜನವರಿಯಲ್ಲಿ ಫ್ರೆಂಚ್ ಮತ್ತು ಬೆಲ್ಜಿಯಂ ಸೈನ್ಯ ರೂರ್ ಗಣಿ ಪ್ರದೇಶಕ್ಕೆ ನುಗ್ಗಿತು. ಪ್ರತಿಭಟಿಸಿ ಕೆಲಸ ನಿಲ್ಲಿಸಿದವರಿಗೆ ಹಣ ಕೊಡಲು ಸರಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು. ಕೂಲಿಯನ್ನು ದಿನದಿನವೂ ಬಟವಾಡೆ ಮಾಡಬೇಕಾಯಿತು. ಕೈಗೆ ಬಂದೊಡನೆ ಅಂಗಡಿಗೆ ಓಡಬೇಕು, ಸಂಜೆಗೆ ಬೆಲೆ ಬೇರೆ. ಅಂಗಡಿಕಾರನ ಪಾಡೇನು? ಇಂದು ಮಾರಿದ ಹಣದಲ್ಲಿ ನಾಳೆ ಅಷ್ಟೇ ಸರಕು ತರುವಂತಿಲ್ಲ. ಜನರ ಬೈಗುಳ ಮಾತ್ರ ಅವನಿಗೇ! ಮುದುಕರು ಜೀವಮಾನವೆಲ್ಲ ಕೂಡಿಟ್ಟ ಠೇವಣಿಗೆ ಒಂದು ರೊಟ್ಟಿ ಬಾರದಾಯಿತು. ಗಳಿಸಿದವರೂ ಇದ್ದರು. ಹ್ಯೂಗೋ ಸ್ಟಿನ್ನೆಸ್ ಎಂಬ ಗಣಿ ಧಣಿ ಸಾಲ ತೆಗೆದು ಕಾರ್ಖಾನೆಗಳನ್ನು ಕೊಂಡ. ತೀರಿಸುವ ಹೊತ್ತಿಗೆ ಸಾಲ ಕಸದ ಬೆಲೆಗೆ ಇಳಿದಿತ್ತು. ಉದ್ರಿ ಕೊಟ್ಟ ಬೀದಿಯ ಅಂಗಡಿಕಾರ ಮುಳುಗಿದ, ಉದ್ರಿ ತಂದ ಸ್ಟಿನ್ನೆಸ್ ತೇಲಿದ. ಹೊಸ ನಾಣ್ಯ ಬಂದು ಬೆಲೆ ನಿಂತಿತು, ಆದರೆ ಠೇವಣಿ ಬಹುಪಾಲು ಹೋದದ್ದೇ.

ಆಮೇಲೆ ಅಮೇರಿಕದ ಸಾಲದಿಂದ ಐದು ವರ್ಷ ಉಸಿರಾಡಿದರು. 1929ರಲ್ಲಿ ನ್ಯೂಯಾರ್ಕಿನ ಶೇರುಪೇಟೆ ಬಿತ್ತು, ಸಾಲ ಬತ್ತಿತು. 1932ರ ಆರಂಭಕ್ಕೆ ನಿರುದ್ಯೋಗಿಗಳು ಅರುವತ್ತು ಲಕ್ಷ. ಪ್ರಧಾನಿ ಬ್ರ್ಯೂನಿಂಗ್ ಸುಗ್ರೀವಾಜ್ಞೆಯಿಂದ ಕೂಲಿ ಕಡಿದ, ನಿರುದ್ಯೋಗ ಭತ್ಯವನ್ನೂ ಕಡಿದ. ಕೊಳ್ಳುವವನ ಜೇಬು ಬರಿದಾದರೆ ಮಾರುವವನ ಗಲ್ಲೆ ತುಂಬೀತೇ? ಇದನ್ನು ಅಂಗಡಿಕಾರನಿಗೆ ಹೇಳುವವರು ಬೇಕಿತ್ತು. ಹೇಳಿದವರು ನಾಜಿಗಳು, ಹೇಳಿದ್ದು ಬೇರೆಯೇ: ನಿನ್ನ ಶತ್ರು ಯಹೂದಿ, ನಿನ್ನ ಶತ್ರು ಕೆಂಪು ಬಾವುಟದವನು ಎಂದು. ದೊಡ್ಡ ಮಳಿಗೆಗಳನ್ನು ಕಿತ್ತು ಸಣ್ಣ ವ್ಯಾಪಾರಿಗಳಿಗೆ ಅಗ್ಗದ ಬಾಡಿಗೆಗೆ ಕೊಡುವ ಆಶ್ವಾಸನ 1920ರ ಅವರ ಕಾರ್ಯಕ್ರಮದಲ್ಲೇ ಇತ್ತು. 1928ರಲ್ಲಿ ಹನ್ನೆರಡು ಸ್ಥಾನ ಪಡೆದಿದ್ದ ಪಕ್ಷ 1932ರ ಜುಲೈಯಲ್ಲಿ 230 ಗೆದ್ದಿತು.

ಆದರೂ ಕೈಮೀರಿರಲಿಲ್ಲ. ಅದೇ ನವೆಂಬರಿನ ಚುನಾವಣೆಯಲ್ಲಿ ನಾಜಿಗಳು 196ಕ್ಕೆ ಇಳಿದರು. ಸಮಾಜವಾದಿಗಳು 121, ಕಮ್ಯುನಿಸ್ಟರು 100. ನೀವೇ ಕೂಡಿಸಿ ನೋಡಿ. ಲೆಕ್ಕದಲ್ಲಿ ಕೂಡಿತು, ಬೀದಿಯಲ್ಲಿ ಕೂಡಲಿಲ್ಲ. ಕಮ್ಯುನಿಸ್ಟರು ಮಾಸ್ಕೋದ ಮಾತು ಕೇಳಿ ಸಮಾಜವಾದಿಗಳನ್ನೇ ಫ್ಯಾಸಿಸ್ಟರೆಂದರು. ಸಮಾಜವಾದಿಗಳ ಕೈಯೂ ಚೊಕ್ಕವಲ್ಲ: 1929ರ ಮೇ ದಿನ ಅವರ ಪಕ್ಷದವನೇ ಮುಖ್ಯಸ್ಥನಾಗಿದ್ದ ಬರ್ಲಿನ್ ಪೊಲೀಸರು ಗುಂಡು ಹಾರಿಸಿದರು, ಆ ದಿನಗಳಲ್ಲಿ ಸತ್ತವರು ಮೂವತ್ತಕ್ಕೂ ಮಿಕ್ಕು. ನಮ್ಮ ಲೋಹಿಯಾರವರು ಆ ಬಳಿಕ ಬರ್ಲಿನ್ನಿನಲ್ಲಿ ವಿದ್ಯಾರ್ಥಿ. 1933ರವರೆಗೂ ಅಲ್ಲಿದ್ದು ಈ ಒಡಕನ್ನು ಕಣ್ಣಾರೆ ಕಂಡರು.

1933ರ ಜನವರಿ 30ರಂದು ಹಿಟ್ಲರ್ ಪ್ರಧಾನಿಯಾದ. ಏಪ್ರಿಲ್ 1ರಂದು ಯಹೂದಿ ಅಂಗಡಿಗಳ ಬಾಗಿಲಿಗೆ ಅವನ ದಂಡು ನಿಂತಿತು. ಮೇ 1ನ್ನು ಸಂಬಳದ ರಜೆಯೆಂದು ಸಾರಿದ. ಕಾರ್ಮಿಕ ಸಂಘಗಳೂ ಮೆರವಣಿಗೆಗೆ ಬಂದವು. ಮೇ 2ರ ಬೆಳಿಗ್ಗೆ ಅದೇ ಸಂಘಗಳ ಕಚೇರಿಗಳನ್ನು ವಶಪಡಿಸಿಕೊಂಡು ಮುಖಂಡರನ್ನು ಹಿಡಿದೊಯ್ದರು. ಇನ್ನು ಅಂಗಡಿಕಾರ? ಅದೇ ವರ್ಷ ಬರ್ಲಿನ್ನಿನ ಟೀಟ್ಸ್ ಎಂಬ ಭಾರಿ ಮಳಿಗೆ ದಿವಾಳಿಯ ಅಂಚಿಗೆ ಬಂದಾಗ ಹಿಟ್ಲರನ ಸರಕಾರವೇ ಅದಕ್ಕೆ ಸಾಲ ಒದಗಿಸಲು ಒಪ್ಪಿತು. ಯಹೂದಿ ಒಡೆಯರನ್ನು ಹೊರತಳ್ಳಿ ಬ್ಯಾಂಕಿನವರು ಮಳಿಗೆಯನ್ನು ಹಿಡಿದರು. ಸಣ್ಣ ವ್ಯಾಪಾರಿಗೆ ಬಾಡಿಗೆಗೆ ಕೊಡುತ್ತೇವೆಂದ ಮಾತನ್ನು ಯಾರೂ ಎತ್ತಲಿಲ್ಲ.