ಚಪ್ಪಡಿ ಪಾದದ ಅಕ್ಷರವೂ ನಮ್ಮ ತಲೆಕಟ್ಟೂ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ್ 1 ನಮಗೂ ಹಬ್ಬ, ನಮಗೆ ಆಶ್ರಯವಿತ್ತ ಕೇರಳಕ್ಕೂ ಹಬ್ಬ. 1956ರ ಆ ಒಂದೇ ದಿನ ಎರಡು ರಾಜ್ಯಗಳೂ ಭಾಷೆಯ ಆಧಾರದ ಮೇಲೆ ರೂಪುಗೊಂಡವು. ಕೊಚ್ಚಿಯಲ್ಲಿಯೂ ತಿರುವನಂತಪುರದಲ್ಲಿಯೂ ನೆಲೆಸಿರುವ ನಮ್ಮ ಮನೆಗಳಲ್ಲಿ ಕನ್ನಡದ ಮಾತಿಗೆ ಕೊರತೆಯಿಲ್ಲ. ಕೊರತೆಯಿರುವುದು ಕನ್ನಡದ ಅಕ್ಷರಕ್ಕೆ. ಆದುದರಿಂದ ನಾಡುನುಡಿಯ ಹಿರಿಮೆಯನ್ನು ಹೊಗಳುವ ಕೆಲಸವನ್ನು ಉಳಿದ ಭಾಷಣಕಾರರಿಗೆ ಬಿಟ್ಟು, ದಪ್ಪಕ್ಷರವೆಂಬ ಒಂದು ಸಣ್ಣ ವಿಷಯವನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇವೆ.

ಇಂಗ್ಲಿಷ್ ಪುಸ್ತಕದ ಅಕ್ಷರವನ್ನು ದಿಟ್ಟಿಸಿ ನೋಡಿದರೆ ಗೀಟಿನ ಕೊನೆಯಲ್ಲಿ ಸಣ್ಣದೊಂದು ಅಡ್ಡಗೆರೆ ಕಾಣುತ್ತದೆ. ಅದಕ್ಕೆ ಸೆರಿಫ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ವ್ಯಾಪಾರಿಗಳಿಗೆ ಗೋಡೆಯ ಮೇಲಿನಿಂದ ದಾರಿಹೋಕರನ್ನು ಕೂಗಿ ಕರೆಯುವ ಅಕ್ಷರ ಬೇಕಾಯಿತು. 1815ರ ಸುಮಾರಿಗೆ ವಿನ್ಸೆಂಟ್ ಫಿಗಿನ್ಸ್ ಎಂಬ ಅಚ್ಚುಮೊಳೆ ತಯಾರಕನು ಆ ತೆಳುಗೆರೆಯನ್ನು ಗೀಟಿನಷ್ಟೇ ದಪ್ಪ ಮಾಡಿ, ಅಕ್ಷರವನ್ನು ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸಿದಂತೆ ಮಾಡಿದನು. ಇದೇ ಸ್ಲ್ಯಾಬ್ ಸೆರಿಫ್. 1845ರಲ್ಲಿ ರಾಬರ್ಟ್ ಬೆಸ್ಲಿಯ ಫೌಂಡ್ರಿಯಿಂದ ‘ಕ್ಲಾರೆಂಡನ್’ ಬಂದಿತು. ಅದರ ಪಾದ ಗೀಟಿಗೆ ಸೇರುವಲ್ಲಿ ಒಂದು ಸಣ್ಣ ಬಾಗು ಉಂಟು. ಸಾಧಾರಣ ಅಕ್ಷರಗಳ ಸಾಲಿನ ನಡುವೆಯೇ ಅದನ್ನು ಜೋಡಿಸಬಹುದಾಗಿತ್ತು. 1884ರಿಂದ ಭಾಗ ಭಾಗವಾಗಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಮುಖ್ಯಪದಗಳನ್ನು ಅಚ್ಚು ಮಾಡಿದುದು ಈ ಕ್ಲಾರೆಂಡನ್ನಿನಲ್ಲಿಯೇ. 1934ರಲ್ಲಿ ಮಾನೊಟೈಪ್ ಕಂಪೆನಿ ‘ರಾಕ್‌ವೆಲ್’ ಎಂಬ ಇನ್ನೊಂದನ್ನು ತಂದಿತು. ಹೀಗೆ ದಪ್ಪಕ್ಷರಕ್ಕೆ ಎರಡು ಉದ್ಯೋಗ: ಗೋಡೆಯ ಮೇಲೆ ಕೂಗುವುದು, ಪುಟದೊಳಗೆ ಬೆರಳಿಟ್ಟು ತೋರಿಸುವುದು.

ಇದನ್ನು ಕನ್ನಡಕ್ಕೆ ಹಾಗೆಯೇ ತರಬಹುದೇ? ಬರುವಂತಿಲ್ಲ. ಇಂಗ್ಲಿಷ್ ಅಕ್ಷರ ಪಾದದ ಮೇಲೆ ನಿಲ್ಲುತ್ತದೆ. ನಮ್ಮದು ತಲೆಗೆ ಪೇಟ ಸುತ್ತಿಕೊಂಡು ದುಂಡಗೆ ಕೂರುತ್ತದೆ. ಆ ತಲೆಕಟ್ಟನ್ನೇ ಚಪ್ಪಡಿಯಂತೆ ದಪ್ಪ ಮಾಡೋಣವೆಂದರೆ ಬ, ಣ, ಲ ಮೊದಲಾದವಕ್ಕೆ ಅದು ಇಲ್ಲ; ‘ಕ’ ಎಂಬುದು ‘ಕಿ’ ಆದಾಗ ಇದ್ದ ತಲೆಕಟ್ಟೂ ಹೋಗಿ ಗುಡಿಸು ಆ ಸ್ಥಳಕ್ಕೆ ಬರುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸಾಲಿನ ತಲೆಗೆ ತಾಗುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕು ಅಲ್ಪಪ್ರಾಣ ಮಹಾಪ್ರಾಣಗಳದು. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸೀಳು ಮಾತ್ರ. ಗೆರೆ ದಪ್ಪವಾದಷ್ಟೂ ಆ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತದೆ. ಆಗ ‘ಧನಸಹಾಯ ಮಾಡಿದ ಮಹನೀಯರು’ ಎಂಬ ಶೀರ್ಷಿಕೆ ‘ದನಸಹಾಯ’ವಾದೀತು! ದಾನಿಗಳು ನಕ್ಕಾರು, ಆದರೆ ಓದಲು ಕಲಿಯುತ್ತಿರುವ ಮಗುವಿಗೆ ಅದೇ ಸರಿಯೆಂದು ನಾಟಿಬಿಡುತ್ತದೆ.

ಈ ಬಗೆಯ ಕಷ್ಟವನ್ನು ನಮ್ಮ ಮಲಯಾಳಿ ನೆರೆಯವರೂ ಕಂಡವರೇ. ಬೆರಳಚ್ಚಿಗೂ ಮೊಳೆಗೂ ಒಗ್ಗಲೆಂದು 1971ರಲ್ಲಿ ಕೇರಳ ಸರ್ಕಾರ ಲಿಪಿಯನ್ನು ಸರಳಗೊಳಿಸಿ, ಕೂಡಿದ್ದ ಅನೇಕ ಅಕ್ಷರಗಳನ್ನು ಬಿಡಿಸಿತು. ಗಣಕಯಂತ್ರ ಬಂದ ಮೇಲೆ ಆ ಇಕ್ಕಟ್ಟು ಉಳಿಯಲಿಲ್ಲ. 1999ರಲ್ಲಿ ಆರ್. ಚಿತ್ರಜಕುಮಾರ್, ಕೆ. ಎಚ್. ಹುಸೇನ್ ಮೊದಲಾದವರು ‘ರಚನಾ’ ಎಂಬ ಹೆಸರಿನಲ್ಲಿ ಹಳೆಯ ತುಂಬು ಲಿಪಿಯನ್ನು ಮರಳಿ ತರಲು ಹೊರಟರು. ಮುಂದೆ ಶೀರ್ಷಿಕೆಗೆಂದೇ ‘ಉರೂಬ್’ ಮುಂತಾದ ದಪ್ಪಕ್ಷರಗಳೂ ಬಂದವು. ಯಂತ್ರಕ್ಕಾಗಿ ಅಕ್ಷರವನ್ನು ಕೊಯ್ಯದೆ ಅಕ್ಷರಕ್ಕಾಗಿ ಯಂತ್ರವನ್ನು ಒಗ್ಗಿಸಿದ ಈ ಛಲ ನಮಗೆ ಮಾದರಿ. ಮುಂಬಯಿಯ ಏಕ್ ಟೈಪ್ ಸಂಸ್ಥೆ ‘ಬಾಲೂ’ ಎಂಬ ದಪ್ಪಕ್ಷರವನ್ನು ಭಾರತೀಯ ಲಿಪಿಗಳಿಗೆ ರಚಿಸಿ, ಯಾರು ಬೇಕಾದರೂ ಬಳಸಲೆಂದು ಕೊಟ್ಟಿದೆ. ಅದಕ್ಕೆ ಚಪ್ಪಡಿ ಪಾದವಿಲ್ಲ. ನಮ್ಮ ಲಿಪಿಗೆ ಒಪ್ಪುವ ಗುಂಡುತನವಿದೆ. ಮಲಯಾಳದ್ದಕ್ಕೆ ‘ಬಾಲೂ ಚೇಟ್ಟನ್’, ಕನ್ನಡದ್ದಕ್ಕೆ ‘ಬಾಲೂ ತಮ್ಮ’ ಎಂದು ನಾಮಕರಣ! ಅಣ್ಣನ ಊರಿನಲ್ಲಿರುವ ತಮ್ಮಂದಿರು ನಾವು. ಈ ಹೆಸರು ನಮಗೆ ಹಿತವಾಗಿಯೇ ಇದೆ.

ಇನ್ನು ನಮ್ಮ ಚಿಂತೆಯ ವಿಷಯಕ್ಕೆ ಬರೋಣ. ಮಗು ಮೊದಲು ಅಕ್ಷರ ಕಲಿಯುವುದು ಬಾಲಪಾಠದಿಂದ ಮಾತ್ರವಲ್ಲ. ಬಸ್ಸಿನ ಹಣೆಯಿಂದ, ಅಂಗಡಿಯ ಬೋರ್ಡಿನಿಂದ, ಪತ್ರಿಕೆಯ ತಲೆಬರಹದಿಂದ. ನಮ್ಮ ಮಕ್ಕಳು ಎರಣಾಕುಳದ ಬಸ್ಸುಗಳ ಬೋರ್ಡನ್ನು ಮಲಯಾಳದಲ್ಲಿ ಸರಾಗವಾಗಿ ಓದುತ್ತಾರೆ. ಅದು ಸಂತೋಷವೇ; ಅನ್ನವಿತ್ತ ನೆಲದ ಲಿಪಿಯನ್ನು ಕಲಿಯಲೇಬೇಕು. ಆದರೆ ಕನ್ನಡದ ದಪ್ಪಕ್ಷರ ಇಲ್ಲಿಯ ಬೀದಿಯಲ್ಲಿ ಎಷ್ಟು ಕಂಡೀತು? ಬೆಂಗಳೂರಿನ ಬಸ್ಸು ಬಂದಾಗ ಒಂದು ಕ್ಷಣ ಕಾಣುತ್ತದೆ. ಇಂಗ್ಲಿಷಿನ ‘ಕೆ.ಎಸ್.ಆರ್.ಟಿ.ಸಿ.’ ಎರಡು ರಾಜ್ಯಗಳಿಗೂ ಒಂದೇ ಆದುದರಿಂದ, ಇದು ನಮ್ಮದೆಂದು ಹೇಳುವುದು ಅದರ ಮೇಲಿನ ಕನ್ನಡ ಅಕ್ಷರವೇ. ಬೀದಿ ಕೊಡಲಾರದುದನ್ನು ಮನೆಯೂ ಸಂಘವೂ ಕೊಡಬೇಕು. ಇಲ್ಲವಾದರೆ ಮುಂದಿನ ಪೀಳಿಗೆ ಕನ್ನಡವನ್ನು ಆಡೀತು, ಓದಲಾರದು. ಈ ಸಂಚಿಕೆಯನ್ನು ಬಿಡಿಸುವ ಕೈಗಳೂ ಇಲ್ಲವಾದಾವು.

ಆದಕಾರಣ ನಮ್ಮ ಬಿನ್ನಹಗಳು ಮೂರೇ. ಮನೆಯ ನಾಮಫಲಕದಲ್ಲಿ ಮಲಯಾಳದ ಜೊತೆಗೆ ಕನ್ನಡವೂ ಇರಲಿ. ಸಂಘದ ಬಟ್ಟೆಫಲಕ, ಆಮಂತ್ರಣ, ಸ್ಮರಣ ಸಂಚಿಕೆಗಳ ಶೀರ್ಷಿಕೆಗಳು ಒಳ್ಳೆಯ ದಪ್ಪಕ್ಷರದಲ್ಲಿರಲಿ. ತೆಳುವಾದ ಅಕ್ಷರವನ್ನು ಯಂತ್ರದಲ್ಲಿ ಹಿಗ್ಗಿಸಿ ದಪ್ಪ ಮಾಡುವುದು ಬೇಡ. ಮೂರನೆಯದಾಗಿ, ಅಚ್ಚಿಗೆ ಕಳುಹಿಸುವ ಮೊದಲು ಒಂದು ಪ್ರತಿಯನ್ನು ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ದೂರದಲ್ಲಿ ಒಂದು ಮಗುವನ್ನು ನಿಲ್ಲಿಸಿ ಓದಿಸಿರಿ. ಧನವು ಧನವಾಗಿಯೇ ಕೇಳಿಸಿದರೆ ಅಚ್ಚಿಗೆ ಹೋಗಲಿ. ಮಗು ತಡವರಿಸಿದರೆ ತಿದ್ದಬೇಕಾದುದು ಅಕ್ಷರವನ್ನು, ಮಗುವನ್ನು ಗದರಬಾರದು.