“ಈ ಒಂದು ವರ್ಷ ಮನೆಯಲ್ಲಿರು” ಅನ್ನುವ ಮುಂಚೆ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಈ ಸಭೆಯಲ್ಲಿ ನಾವು ಉಳಿತಾಯ, ಒಳಸಾಲ, ಬ್ಯಾಂಕ್ ಸಾಲ, ಮರುಪಾವತಿ ಇವುಗಳ ಬಗ್ಗೆ ಮಾತನಾಡುತ್ತೇವೆ. ಈ ಸಲ ಕಥೆ ಹೇಳೋಣ ಅಂತ ಬಂದಿದ್ದೇವೆ. ಕಥೆ ಅಂದ ಕೂಡಲೇ ಕೆಲವರು ನಕ್ಕಿರಿ. ನಗಿ, ಪರವಾಗಿಲ್ಲ. ಆದರೆ ಈ ಕಥೆಗಳಲ್ಲೂ ಸಾಲ ಇದೆ, ಹಾಸಿಗೆ ಹಿಡಿದ ತಾಯಿ ಇದ್ದಾಳೆ, ಅಡುಗೆಮನೆ ಇದೆ. ಅದೆಲ್ಲದರ ನಡುವೆ ಓದಬೇಕು ಅನ್ನುವ ಒಬ್ಬಳು ಹುಡುಗಿ ಇದ್ದಾಳೆ.

ಬೆಳೆಯುವ ವಯಸ್ಸಿನ ಮಕ್ಕಳಿಗಾಗಿಯೇ ಬರೆದ ಕಾದಂಬರಿಗಳು ಇವು. ಒಂದು ಕಡೆ ಮನೆಯ ಜವಾಬ್ದಾರಿ, ಇನ್ನೊಂದು ಕಡೆ ತನ್ನ ಆಸೆ, ನಡುವೆ ಸಿಕ್ಕಿಕೊಂಡ ಮಗು. ಇದು ಅವುಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ. ಕಳೆದ ಬೇಸಿಗೆಯಲ್ಲಿ ಕಿಶೋರಿಯರ ಶಿಬಿರದಲ್ಲಿ ಅಂಥ ಮೂರು ಕಥೆಗಳನ್ನು ಹೇಳಿದೆವು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದ ಕಾರಣ ನಮ್ಮ ಮಾತಿನಲ್ಲೇ ಹೇಳಿದೆವು. ಕಥೆ ಮುಗಿದು ಊಟದ ಗಂಟೆ ಹೊಡೆದರೂ ಒಬ್ಬ ಹುಡುಗಿ ಏಳಲಿಲ್ಲ. “ಸಿಸ್ಟರ್, ಈ ಕಥೆ ನಮ್ಮಮ್ಮನಿಗೂ ಹೇಳ್ತೀರಾ?” ಅಂತ ಕೇಳಿದಳು. ಅವಳಿಗೆ ಕೊಟ್ಟ ಮಾತಿನಂತೆ ಇವತ್ತು ನಿಮ್ಮ ಮುಂದೆ ನಿಂತಿದ್ದೇವೆ.

ಅಮಲ್ ಎಂಬ ಹಿರಿಯ ಮಗಳು

ಮೊದಲನೆಯದು ಪಾಕಿಸ್ತಾನದ ಪಂಜಾಬಿನ ಒಂದು ಹಳ್ಳಿಯ ಕಥೆ. ಪುಸ್ತಕದ ಹೆಸರು ‘ಅಮಲ್ ಅನ್‌ಬೌಂಡ್’. ಬರೆದವರು ಆಯಿಶಾ ಸಯೀದ್, ಪ್ರಕಟವಾದದ್ದು 2018ರಲ್ಲಿ. ಅಮಲ್‌ಗೆ 12 ವರ್ಷ. ಟೀಚರ್ ಆಗಬೇಕು ಅನ್ನುವುದು ಅವಳ ಆಸೆ. ಮನೆಗೆ ಅವಳೇ ಹಿರಿಯವಳು.

ತಾಯಿಗೆ ಹೆರಿಗೆಯಾಗುತ್ತದೆ. ಐದನೆಯ ಮಗು, ಅದೂ ಹೆಣ್ಣು. ತಾಯಿ ಮನಸ್ಸು ಮುದುಡಿ ಹಾಸಿಗೆ ಹಿಡಿಯುತ್ತಾಳೆ. ಅಡುಗೆ, ಬಟ್ಟೆ, ತಂಗಿಯರ ಆರೈಕೆ ಎಲ್ಲ ಅಮಲ್ ತಲೆಗೆ ಬರುತ್ತದೆ. ಶಾಲೆ ನಿಲ್ಲುತ್ತದೆ. “ಸ್ವಲ್ಪ ದಿನ” ಅಂತಲೇ ಶುರುವಾಗುತ್ತದೆ. ಆ ಸ್ವಲ್ಪ ದಿನ ಯಾವಾಗ ಮುಗಿಯುತ್ತದೆ ಅಂತ ಯಾರೂ ಹೇಳುವುದಿಲ್ಲ.

ಹೀಗಿರುವಾಗ ಒಂದು ದಿನ ಸಂತೆಬೀದಿಯಲ್ಲಿ ಒಬ್ಬ ಮನುಷ್ಯನ ಕಾರು ಅವಳಿಗೆ ತಾಗುತ್ತದೆ. ಅವನು ಅವಳ ಕೈಯಲ್ಲಿದ್ದ ದಾಳಿಂಬೆ ಹಣ್ಣನ್ನೂ ಕೇಳುತ್ತಾನೆ. ಅಮಲ್ ಕೊಡುವುದಿಲ್ಲ, ಎದುರು ಮಾತಾಡುತ್ತಾಳೆ. ಅವನೇ ಊರಿನ ಜಮೀನ್ದಾರ ಅಂತ ಆಮೇಲೆ ಗೊತ್ತಾಗುತ್ತದೆ. ಅವಳ ಅಪ್ಪ ಅವನಲ್ಲಿ ಸಾಲ ಮಾಡಿದ್ದಾನೆ. ಆ ಸಾಲಕ್ಕೆ ಬದಲಾಗಿ ಮಗಳು ಜಮೀನ್ದಾರನ ಮನೆಯಲ್ಲಿ ಆಳಾಗಿ ದುಡಿಯಬೇಕಾಗುತ್ತದೆ. ಇನ್ನು ಅಲ್ಲಿಯ ಲೆಕ್ಕ ಕೇಳಿ. ಅವಳ ಊಟಕ್ಕೆ, ಮಲಗುವ ಜಾಗಕ್ಕೆ ಹಣ ಹಿಡಿಯುತ್ತಾರೆ. ದುಡಿದಷ್ಟೂ ಸಾಲ ತೀರುವುದಿಲ್ಲ, ಬೆಳೆಯುತ್ತದೆ!

ಇದಕ್ಕೆ ನಮ್ಮ ಕಡೆ ಜೀತ ಅನ್ನುತ್ತೇವೆ. ನಮ್ಮ ದೇಶದಲ್ಲಿ 1976ರಲ್ಲಿ, ಪಾಕಿಸ್ತಾನದಲ್ಲಿ 1992ರಲ್ಲಿ ಇದನ್ನು ರದ್ದು ಮಾಡುವ ಕಾಯ್ದೆ ಬಂತು. ಕಾಯ್ದೆ ಬಂದರೂ ಸಾಲ ಇರುವ ಮನೆಯಲ್ಲಿ ಮಕ್ಕಳ ಓದೇ ಮೊದಲು ನಿಲ್ಲುತ್ತದೆ ಅನ್ನುವುದು ನಿಮಗೆ ನಾವು ಹೇಳಬೇಕಾಗಿಲ್ಲ. ಅಮಲ್ ಆ ಮನೆಯಲ್ಲೂ ಕದ್ದು ಓದುತ್ತಾಳೆ, ಅಕ್ಷರ ಗೊತ್ತಿಲ್ಲದ ಇನ್ನೊಬ್ಬ ಪುಟ್ಟ ಹುಡುಗಿಗೆ ಕಲಿಸುತ್ತಾಳೆ. ಕೊನೆಗೆ ಧೈರ್ಯ ಮಾಡಿ ಆ ಜಮೀನ್ದಾರನ ಅಪರಾಧವನ್ನು ಬಯಲಿಗೆ ತಂದು ಮನೆಗೆ ಮರಳುತ್ತಾಳೆ.

ಶಿಬಿರದ ಹುಡುಗಿಯರಿಗೆ ಜಮೀನ್ದಾರನ ಮೇಲೆ ಸಿಟ್ಟು ಬಂತು. ಆದರೆ ಅವರನ್ನು ಸುಮ್ಮನಾಗಿಸಿದ್ದು ಜಮೀನ್ದಾರನಲ್ಲ. ಅದಕ್ಕಿಂತ ಮೊದಲಿನ ಭಾಗ, ಅಪ್ಪ ಅಮ್ಮ ಇಬ್ಬರೂ ಪ್ರೀತಿಸುವವರೇ ಆಗಿದ್ದರೂ ಶಾಲೆ ನಿಂತ ಭಾಗ.

ಮೆಟ್ಟಿಲ ಮೇಲಿನ ಪುಸ್ತಕಗಳು

ಎರಡನೆಯದು ನಮ್ಮ ದೇಶದ್ದೇ ಕಥೆ. ‘ಕ್ಲೈಂಬಿಂಗ್ ದ ಸ್ಟೇರ್ಸ್’ ಅಂದರೆ ಮೆಟ್ಟಿಲು ಹತ್ತುವುದು. ಚೆನ್ನೈಯಲ್ಲಿ ಹುಟ್ಟಿ, ಸಮುದ್ರ ವಿಜ್ಞಾನ ಓದಿ, ಅಮೆರಿಕದಲ್ಲಿ ನೆಲೆಸಿರುವ ಪದ್ಮಾ ವೆಂಕಟರಾಮನ್ ಇದನ್ನು ಬರೆದರು. ಬಂದದ್ದು 2008ರಲ್ಲಿ, ಕಥೆ ನಡೆಯುವುದು 1941ರಲ್ಲಿ.

ವಿದ್ಯಾಗೆ 15 ವರ್ಷ. ಬೊಂಬಾಯಿಯಲ್ಲಿ ಇರುವವಳು. ಕಾಲೇಜಿಗೆ ಹೋಗಬೇಕು ಅನ್ನುವುದು ಅವಳ ಆಸೆ. ಅಪ್ಪ ಡಾಕ್ಟರು, ಮಗಳು ಓದಲಿ ಅನ್ನುವವರು. ಒಂದು ದಿನ ಸ್ವಾತಂತ್ರ್ಯ ಚಳವಳಿಯ ಮೆರವಣಿಗೆಯಲ್ಲಿ ಪೊಲೀಸರ ಲಾಠಿಯೇಟು ಬಿದ್ದು ಅಪ್ಪನ ಮೆದುಳಿಗೆ ಪೆಟ್ಟಾಗುತ್ತದೆ. ಮೊದಲಿನ ಹಾಗೆ ಮಾತಿಲ್ಲ, ತಿಳಿವಳಿಕೆ ಇಲ್ಲ. ಆ ಮೆರವಣಿಗೆಗೆ ಓಡಿದ್ದು ತಾನು, ಹಿಂದೆಯೇ ಬಂದ ಅಪ್ಪನಿಗೆ ಏಟು ಬಿತ್ತು ಅನ್ನುವ ಕೊರಗು ಮಗಳಿಗೆ.

ಸಂಸಾರ ಮದರಾಸಿನ ತಾತನ ಮನೆ ಸೇರುತ್ತದೆ. ಅದು ದೊಡ್ಡ ಕೂಡುಕುಟುಂಬ. ಗಂಡಸರು ಮಹಡಿಯ ಮೇಲೆ, ಹೆಂಗಸರು ಕೆಳಗೆ. ದೊಡ್ಡಮ್ಮನ ದರ್ಬಾರು. ವಿದ್ಯಾ ಕೆಲಸ ಮಾಡಬೇಕು, ಬೈಸಿಕೊಳ್ಳಬೇಕು. ಆ ಮನೆಯಲ್ಲಿ ಒಂದು ಗ್ರಂಥಾಲಯ ಇದೆ, ಅದೂ ಮಹಡಿಯ ಮೇಲೆ. ಹೆಂಗಸರು ಮೆಟ್ಟಿಲು ಹತ್ತುವ ಹಾಗಿಲ್ಲ.

ವಿದ್ಯಾ ಮನೆ ಬಿಟ್ಟು ಓಡಲಿಲ್ಲ. ನೇರವಾಗಿ ತಾತನನ್ನೇ ಕೇಳಿದಳು: ನಾನು ಅಲ್ಲಿ ಕುಳಿತು ಓದಬಹುದೇ? ತಾತ ಆಗಲಿ ಅಂದರು. ಅಷ್ಟು ಕಟ್ಟುನಿಟ್ಟಿನ ಮನೆಯಲ್ಲೂ ಕೇಳಿದಾಗ ಒಂದು ಬಾಗಿಲು ತೆರೆಯಿತು.

ಎಲ್ಲ ಮನೆಯಲ್ಲೂ ಹುಡುಗಿಗೆ ಅಷ್ಟು ಧೈರ್ಯ ಬರುವುದಿಲ್ಲ, ಸಹೋದರಿಯರೇ. ಅವಳು ಕೇಳಲಿ ಅಂತ ಕಾಯಬೇಡಿ, ನೀವೇ ಕೇಳಿ. “ನಿನಗೆ ಏನು ಓದಬೇಕು ಅಂತಿದೆ ಮಗಾ?” ಈ ಒಂದು ಮಾತಿಗೆ ಖರ್ಚೇನೂ ಇಲ್ಲ.

ರಿಕ್ಷಾ ರಿಪೇರಿಯ ಹೆಂಗಸು

ಮೂರನೆಯದು ಚಿಕ್ಕ ಕಥೆ, ಸ್ವಲ್ಪ ಕಿರಿಯ ಮಕ್ಕಳಿಗೆ ಬರೆದದ್ದು. ಮಿತಾಲಿ ಪರ್ಕಿನ್ಸ್ ಅವರ ‘ರಿಕ್ಷಾ ಗರ್ಲ್’, 2007ರದ್ದು. ಬಾಂಗ್ಲಾದೇಶದ ನೈಮಾಗೆ 10 ವರ್ಷ. ಅಲ್ಪನಾ, ಅಂದರೆ ನಮ್ಮ ರಂಗೋಲಿಯಂಥ ಚಿತ್ರ ಬಿಡಿಸುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಒಬ್ಬಳ ಶಾಲೆಯ ಫೀಸಿಗೆ ಮಾತ್ರ ಹಣ ಇದೆ, ಆದ್ದರಿಂದ ನೈಮಾಳ ಓದು ನಿಂತಿದೆ. ಅಪ್ಪ ಸೈಕಲ್ ರಿಕ್ಷಾ ತುಳಿದು ದಣಿಯುತ್ತಾನೆ. ತಾನು ಗಂಡಾಗಿದ್ದರೆ ಅಪ್ಪನಿಗೆ ನೆರವಾಗುತ್ತಿದ್ದೆ ಅಂತ ಅವಳು ಹೊಸ ರಿಕ್ಷಾ ಹತ್ತಿ ಹೊರಟು, ಅದನ್ನು ಪೊದೆಗೆ ಗುದ್ದಿಸಿ ಹಾಳು ಮಾಡುತ್ತಾಳೆ. ಸಹಾಯ ಮಾಡಲು ಹೋಗಿ ಮನೆಗೆ ಇನ್ನಷ್ಟು ಖರ್ಚು!

ಮಗು ಹುಡುಗನ ವೇಷ ಹಾಕಿ ಪಕ್ಕದೂರಿನ ರಿಪೇರಿ ಅಂಗಡಿಗೆ ಹೋಗುತ್ತದೆ. ಚಿತ್ರ ಬಿಡಿಸಿಕೊಡುತ್ತೇನೆ, ಬದಲಿಗೆ ನಮ್ಮ ರಿಕ್ಷಾ ಸರಿಮಾಡಿ ಅಂತ ಕೇಳಲು. ಅಲ್ಲಿ ನೋಡಿದರೆ ಅಂಗಡಿ ನಡೆಸುವವಳು ಒಬ್ಬ ಹೆಂಗಸು. ಮಹಿಳೆಯರ ಬ್ಯಾಂಕಿನಲ್ಲಿ ಸಾಲ ತೆಗೆದು ಅಂಗಡಿ ನಡೆಸುತ್ತಿದ್ದಾಳೆ. ನೈಮಾಗೆ ಅವಳು ಕೆಲಸ ಕಲಿಸಲು ಒಪ್ಪುತ್ತಾಳೆ.

ಬಾಂಗ್ಲಾದೇಶ ಅಂದರೆ ನಿಮಗೆ ಹೊಸದಲ್ಲ. ಮುಹಮ್ಮದ್ ಯೂನುಸ್ ಅವರು ಬಡ ಹೆಂಗಸರಿಗೆ ಸಣ್ಣ ಸಾಲ ಕೊಡಲು ಶುರು ಮಾಡಿದ್ದು 1976ರಲ್ಲಿ. ಅದೇ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮಲ್ಲಿ ನಬಾರ್ಡ್ ಮೂಲಕ ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲದ ದಾರಿ ತೆರೆದದ್ದು 1992ರಲ್ಲಿ. ಸಾಲ ತೆಗೆದ ಒಬ್ಬ ಹೆಂಗಸು ಊರಿನ ಒಂದು ಹುಡುಗಿಗೆ ದಾರಿಯಾಗಬಹುದು ಅಂತ ಈ ಕಥೆ ಹೇಳುತ್ತದೆ. ಆ ರಿಪೇರಿ ಅಂಗಡಿಯವಳ ಜಾಗದಲ್ಲಿ ಇವತ್ತು ನೀವು ಕುಳಿತಿದ್ದೀರಿ.

ನಮ್ಮದೂ ಒಂದು ತಪ್ಪು

ಈಗ ನಮ್ಮ ವಿಷಯ. ಬೇರೆಯವರ ಕಥೆ ಹೇಳುವುದು ಸುಲಭ.

ಸುಮಾರು 12 ವರ್ಷಗಳ ಹಿಂದಿನ ಮಾತು. ನಾವು ಕೆಲಸ ಮಾಡುತ್ತಿದ್ದ ಒಂದು ಹಳ್ಳಿಯಲ್ಲಿ ಒಬ್ಬ ಹುಡುಗಿ ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆ ಅಂಕ ತೆಗೆದಿದ್ದಳು. ನರ್ಸ್ ಆಗಬೇಕು ಅಂತಿದ್ದಳು. ಅದೇ ಬೇಸಿಗೆಯಲ್ಲಿ ತಾಯಿಗೆ ಗರ್ಭಕೋಶದ ಆಪರೇಷನ್ ಆಯಿತು. ಭಾರ ಎತ್ತುವ ಹಾಗಿಲ್ಲ. ಮನೆಯಲ್ಲಿ ಎರಡು ಹಸು, ಇಬ್ಬರು ತಮ್ಮಂದಿರು, ತೋಟದ ಕೂಲಿಗೆ ಹೋಗುವ ಅಪ್ಪ. ತಾಯಿ ನಮ್ಮನ್ನೇ ಕರೆಸಿ, “ಸಿಸ್ಟರ್, ನೀವೇ ಅವಳಿಗೆ ಒಂದು ಮಾತು ಹೇಳಿ” ಅಂದರು. ನಾವು ಹೇಳಿದೆವು. “ಈ ಒಂದು ವರ್ಷ ಅಮ್ಮನಿಗೆ ಸಹಾಯ ಮಾಡು ಮಗಾ, ಮುಂದಿನ ವರ್ಷ ಕಾಲೇಜಿಗೆ ನೋಡೋಣ.” ಹುಡುಗಿ ತಲೆಯಾಡಿಸಿದಳು. ನಮಗೆ ಅದು ಒಪ್ಪಿಗೆಯ ಹಾಗೆ ಕಂಡಿತು.

ಮುಂದಿನ ವರ್ಷ ಬಂತು. ನಮಗೆ ಬೇರೆ ಊರಿಗೆ ವರ್ಗವಾಗಿತ್ತು. ತಾಯಿ ಚೇತರಿಸಿಕೊಂಡು ಕೂಲಿಗೆ ಹೋಗುತ್ತಿದ್ದರು, ಆದರೆ ಕೊಟ್ಟಿಗೆ ಮತ್ತು ಅಡುಗೆ ಮಗಳ ಕೈಯಲ್ಲೇ ಉಳಿದಿತ್ತು. ಆಮೇಲೆ ಮದುವೆಯಾಯಿತು. ಕಳೆದ ವರ್ಷ ಆಕೆ ತನ್ನ ಸಂಘದ ಪುಸ್ತಕ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದಳು. ಈಗ ಅವಳೇ ಸಂಘದ ಕಾರ್ಯದರ್ಶಿ. ಲೆಕ್ಕ ಒಂದು ಪೈಸೆ ತಪ್ಪಿಲ್ಲ. ಚಹಾ ಕುಡಿಯುತ್ತಾ ಅಂದಳು: “ಸಿಸ್ಟರ್, ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದ್ರೆ ಆ ಒಂದು ವರ್ಷ ಯಾವಾಗ ಮುಗೀತು ಅಂತ ನನಗೆ ಗೊತ್ತಾಗ್ಲೇ ಇಲ್ಲ.”

ನಮ್ಮ ಬಳಿ ಉತ್ತರ ಇರಲಿಲ್ಲ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವರು ನಾವು. ಆ ತಾಯಿಗೆ ಸಹಾಯ ಬೇಕಿತ್ತು, ನಿಜ. ಸಹಾಯ ಮಾಡು ಅಂದದ್ದು ತಪ್ಪಲ್ಲ. ಅವಳಿಗೇನು ಬೇಕು ಅಂತ ಕೇಳಲಿಲ್ಲ, ಗಡುವು ಹಾಕಲಿಲ್ಲ, ಆಮೇಲೆ ತಿರುಗಿ ನೋಡಲಿಲ್ಲ. ತಪ್ಪು ಅಲ್ಲಿತ್ತು.

ಸಾಲಕ್ಕೆ ಗಡುವಿದೆ, ಹುಡುಗಿಯ ವರ್ಷಕ್ಕೆ?

ಕೆಲವರು ಹೇಳಬಹುದು, “ಸಿಸ್ಟರ್, ಕಥೆ ಬೇರೆ, ಬದುಕು ಬೇರೆ. ತಾಯಿ ಮಲಗಿದರೆ ಹಸುವಿನ ಹಾಲು ಕರೆಯುವವರು ಯಾರು?” ಸರಿಯಾದ ಮಾತು. ಮನೆಯ ಕಷ್ಟದಲ್ಲಿ ಮಕ್ಕಳು ಹೆಗಲು ಕೊಡಬೇಕು. ಈ ಮೂರು ಕಥೆಯ ಹುಡುಗಿಯರೂ ಮನೆಯನ್ನು ಪ್ರೀತಿಸುವವರೇ. ಮನೆಯವರೆಲ್ಲ ಕೆಟ್ಟವರು, ಹುಡುಗಿಯ ಆಸೆ ಮಾತ್ರ ದೊಡ್ಡದು ಅಂತ ಈ ಪುಸ್ತಕಗಳೂ ಹೇಳುವುದಿಲ್ಲ.

ಆದರೆ ನೋಡಿ. ಸಂಘದಲ್ಲಿ ನಾವು 2,000 ರೂಪಾಯಿ ಸಾಲ ಕೊಟ್ಟರೂ ಠರಾವು ಬರೆಯುತ್ತೇವೆ. ಯಾರಿಗೆ, ಯಾಕೆ, ಎಷ್ಟು ಕಂತು, ಯಾವ ತಿಂಗಳು ಮುಗಿಯಬೇಕು ಎಲ್ಲ ಬರೆದು ಸಹಿ ಹಾಕುತ್ತೇವೆ. ಒಂದು ಕಂತು ತಪ್ಪಿದರೆ ಮನೆ ಬಾಗಿಲಿಗೆ ಹೋಗಿ ಕೇಳುತ್ತೇವೆ. ಮಗಳ ಒಂದು ವರ್ಷವನ್ನು ಮನೆ ಸಾಲವಾಗಿ ತೆಗೆದುಕೊಳ್ಳುವಾಗ ಮಾತ್ರ ಠರಾವಿಲ್ಲ, ಗಡುವಿಲ್ಲ, ಕೇಳುವವರೂ ಇಲ್ಲ. ಆ ಸಾಲ ತೀರುವುದು ಹೇಗೆ?

ಆದ್ದರಿಂದ ನಾಲ್ಕು ಕೆಲಸ ಮಾಡೋಣ.

1. ಕೇಳೋಣ. ಮಗಳ ಓದು ನಿಲ್ಲಿಸುವ ಮುಂಚೆ ಅವಳನ್ನು ಕೂರಿಸಿ ಕೇಳಿ. ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಲಿ.

2. ಗಡುವು ಹಾಕೋಣ. ಯಾವ ತಿಂಗಳಿಗೆ ಅವಳು ಮತ್ತೆ ಶಾಲೆಗೆ ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನ ಮಾಡಿ. ಒಪ್ಪಿಗೆ ಇದ್ದರೆ ಸಂಘದ ಪುಸ್ತಕದಲ್ಲೂ ಬರೆಯಿಸಿ. ಆ ತಿಂಗಳು ಬಂದಾಗ ಸಂಘ ಕೇಳಲಿ.

3. ಕೆಲಸ ಹಂಚೋಣ. ತಮ್ಮಂದಿರಿಗೂ ಕೈ ಇದೆ. ಸಗಣಿ ಬಾಚಿದರೆ, ಅನ್ನಕ್ಕೆ ನೀರಿಟ್ಟರೆ ಗಂಡುಮಗನ ಮರ್ಯಾದೆ ಹೋಗುವುದಿಲ್ಲ. ಸದಸ್ಯೆ ಆಸ್ಪತ್ರೆಯಿಂದ ಬಂದ ಮೊದಲ ತಿಂಗಳು ಸಂಘದವರು ಸರದಿ ಪ್ರಕಾರ ಹೋಗಿ ಬನ್ನಿ. ಸಾವಿನ ಮನೆಗೆ ಅಡುಗೆ ಮಾಡಿ ಕಳಿಸುವವರು ನಾವು, ಇದು ನಮಗೆ ಕಷ್ಟವಲ್ಲ.

4. ನಿಂತ ಓದನ್ನು ಮುಂದುವರಿಸೋಣ. ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಶಾಲೆ ಬಿಟ್ಟವರೂ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆ ಕಟ್ಟಬಹುದು. ಹೆಚ್ಚಿನ ವಯಸ್ಸಿನ ಮಿತಿ ಇಲ್ಲ, ಮದುವೆಯಾದವರೂ ಬರೆಯಬಹುದು. ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಅಲ್ಲಿ ಹತ್ತಲು ಯಾರ ಅಪ್ಪಣೆಯೂ ಬೇಕಿಲ್ಲ. ವಾರಕ್ಕೊಮ್ಮೆ ಮಗಳನ್ನು ಕಳಿಸಿ, ನೀವೂ ಹೋಗಿ.

ನಮ್ಮ ಕಚೇರಿಗೆ ಬಂದ ಆ ಸಹೋದರಿಗೂ ನಾವು ಮುಕ್ತ ಶಾಲೆಯ ವಿಷಯ ಹೇಳಿದೆವು. ನರ್ಸ್ ಆಗುವ ದಿನ ಹೋಯಿತು ಅಂತ ನಕ್ಕಳು. ಆದರೆ ಅರ್ಜಿ ಹೇಗೆ ಹಾಕುವುದು ಅಂತ ಎರಡು ಸಲ ಕೇಳಿದಳು. ಅವಳ ಮಗಳು ಈಗ ನಾಲ್ಕನೆಯ ತರಗತಿ. ಆ ಮಗುವಿನ ಒಂದು ವರ್ಷವನ್ನೂ ಯಾರೂ ಲೆಕ್ಕವಿಲ್ಲದೆ ತೆಗೆದುಕೊಳ್ಳದ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ, ನಿಮ್ಮ ಕೆಲಸ, ನಮ್ಮ ಕೆಲಸ.



ಮುಂದಿನ ವಾರದ ಸಭೆಯಲ್ಲಿ ಚರ್ಚಿಸಲು:

• ನಮ್ಮ ಸಂಘದ ಮನೆಗಳಲ್ಲಿ ಓದು ನಿಲ್ಲಿಸಿರುವ ಹುಡುಗಿಯರು ಎಷ್ಟು ಮಂದಿ? ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಅಂತ ನಿಲ್ಲಿಸಿದರು?

• ನಮ್ಮ ಮಗಳ ಆಸೆ ಏನು ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೊನೆಯ ಸಲ ಕೇಳಿದ್ದು ಯಾವಾಗ?

• ಒಬ್ಬ ಸದಸ್ಯೆ ಕಾಯಿಲೆ ಬಿದ್ದರೆ ಅವಳ ಮನೆಕೆಲಸಕ್ಕೆ ಸರದಿ ಹಾಕಲು ನಮ್ಮ ಸಂಘ ತಯಾರಿದೆಯೇ?