ಕೊಟ್ಟ ಅನುಮತಿಯನ್ನು ತೆಗೆಯುವವರು ಯಾರು?



‘ಸರ್, ನಿನ್ನೆ ಆಕ್ಸೆಸ್ ಕೊಟ್ಟಿದ್ರಿ, ಇವತ್ತು ಮತ್ತೆ ಹೋಗಿದೆ.’ ಸಪೋರ್ಟ್ ಕೆಲಸ ಮಾಡಿದವರೆಲ್ಲ ಈ ಮಾತು ಕೇಳಿರುತ್ತೀರಿ. ನಾವು ಮತ್ತೆ ಟಿಕ್ ಹಾಕುತ್ತೇವೆ, ಟಿಕೆಟ್ ಮುಚ್ಚುತ್ತೇವೆ. ಮರುದಿನ ಅದೇ ಹೆಸರಿನಲ್ಲಿ ಇನ್ನೊಂದು ಟಿಕೆಟ್. ತಿಂಗಳ ವರದಿಯಲ್ಲಿ ಮಾತ್ರ ಎರಡು ಸಮಸ್ಯೆ ಬಗೆಹರಿಸಿದ ಕೀರ್ತಿ ನಮ್ಮದು!

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಡೆಯುವುದನ್ನು ನೋಡಿ. ಬೆಳಗಿನ ಆರರ ಪಾಳಿ. ಗೇಟಿನಲ್ಲಿ ಕಬ್ಬಿಣದ ಸರಳು ತಂದ ಲಾರಿ ನಿಂತಿದೆ. ಸ್ಟೋರ್ಸ್ ಹುಡುಗ ಜಿಆರ್‌ಎನ್ (ಸರಕು ಬಂದ ದಾಖಲೆ) ಹಾಕಬೇಕು. ಪರದೆಯ ಮೇಲೆ ‘ನಿಮಗೆ ಅನುಮತಿ ಇಲ್ಲ’. ಹೆಲ್ಪ್‌ಡೆಸ್ಕ್ ತೆರೆಯುವುದು ಒಂಬತ್ತಕ್ಕೆ. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದಾನೆ. ಮೇಸ್ತ್ರಿಯ ಪಾಸ್‌ವರ್ಡ್ ಕೀಬೋರ್ಡಿನ ಅಡಿಯ ಚೀಟಿಯಲ್ಲಿದೆ. ಲಾರಿ ಖಾಲಿಯಾಯಿತು, ಕೆಲಸವೂ ಮುಗಿಯಿತು. ಆದರೆ ಆ ಸರಕು ಇಳಿಸಿಕೊಂಡವರು ಮೇಸ್ತ್ರಿ ಎಂದು ದಾಖಲೆ ಹೇಳುತ್ತದೆ. ಅವರಿನ್ನೂ ಮನೆಯಲ್ಲಿ ಹಲ್ಲುಜ್ಜುತ್ತಿರುತ್ತಾರೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಮೇತ ದಾಖಲಿಸಬೇಕು, ಆ ದಾಖಲಾತಿಯನ್ನು ಯಾರೂ ನಿಲ್ಲಿಸುವಂತಿರಬಾರದು ಎಂಬ ನಿಯಮವಿದೆ. ನಿಯಮ ಒಳ್ಳೆಯದೇ. ಚೀಟಿಯ ಪಾಸ್‌ವರ್ಡ್ ಇರುವ ಕಡೆ ಅದು ಸುಳ್ಳನ್ನೂ ಅಷ್ಟೇ ಶಿಸ್ತಿನಿಂದ ಕಾಪಾಡುತ್ತದೆ.

ಅನುಮತಿ ತಾನಾಗಿ ಹೋಗುವುದಿಲ್ಲ. ಇನ್ನೊಬ್ಬರು ಅದನ್ನು ಅಳಿಸಿ ಬರೆಯುತ್ತಿದ್ದಾರೆ. ಹಾಗಾಗಿ ದೂರು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ‘ಎಷ್ಟು ಹೊತ್ತಿಗೆ ಹೋಯಿತು?’

ಒಂದು ಗಂಟೆಯೊಳಗೆ ಹೋಯಿತೆನ್ನಿ. ಆಕ್ಟಿವ್ ಡೈರೆಕ್ಟರಿಯಲ್ಲಿ ಎಸ್‌ಡಿ‌ಪ್ರಾಪ್ ಎಂಬ ಪ್ರಕ್ರಿಯೆ 60 ನಿಮಿಷಕ್ಕೊಮ್ಮೆ ಏಳುತ್ತದೆ. ಡೊಮೇನ್ ಅಡ್ಮಿನ್ಸ್‌ನಂಥ ರಕ್ಷಿತ ಗುಂಪಿನಲ್ಲಿರುವವರ ಖಾತೆಗಳ ಅನುಮತಿ ಪಟ್ಟಿಯನ್ನು ಅಡ್ಮಿನ್‌ಎಸ್‌ಡಿಹೋಲ್ಡರ್ ಎಂಬ ಮಾದರಿಯೊಂದಿಗೆ ಹೋಲಿಸಿ, ವ್ಯತ್ಯಾಸ ಕಂಡರೆ ಮಾದರಿಯಲ್ಲಿರುವುದನ್ನೇ ಬರೆದುಬಿಡುತ್ತದೆ. ಇದು ದೋಷವಲ್ಲ, ಬೇಕೆಂದೇ ಇಟ್ಟ ಕಾವಲು. ಎಂದೋ ಒಂದು ದಿನ ಪ್ರಿಂಟರ್ ಸರಿಪಡಿಸಲೆಂದು ಯಾರನ್ನೋ ಪ್ರಿಂಟ್ ಆಪರೇಟರ್ಸ್ ಗುಂಪಿಗೆ ಸೇರಿಸಿದ್ದರೂ ಸಾಕು, ಆ ಖಾತೆ ಈ ಕಾವಲಿಗೆ ಒಳಗಾಗುತ್ತದೆ. ಗುಂಪಿನಿಂದ ತೆಗೆದ ಮೇಲೂ ಅಡ್ಮಿನ್‌ಕೌಂಟ್ ಎಂಬ ಗುರುತು 1 ಆಗಿಯೇ ಉಳಿಯುತ್ತದೆ, ಇನ್‌ಹೆರಿಟೆನ್ಸ್ ಬಂದ್ ಆಗಿಯೇ ಇರುತ್ತದೆ. ಮೇಲಿನ ಓಯುವಿನಲ್ಲಿ ನೀವು ಕೊಟ್ಟದ್ದು ಆ ಖಾತೆಗೆ ಇಳಿಯುವುದೇ ಇಲ್ಲ. ಎಷ್ಟೋ ಜನ ಇಲ್ಲಿ ದಿಕ್ಕು ತಪ್ಪುತ್ತಾರೆ.

ಲ್ಯಾಪ್‌ಟಾಪಿನ ಲೋಕಲ್ ಅಡ್ಮಿನ್ ಹಕ್ಕು ಅರ್ಧ ದಿನದ ಮೇಲೆ ಹೋಗಿದ್ದರೆ ಗ್ರೂಪ್ ಪಾಲಿಸಿ ನೋಡಿ. ಪಾಲಿಸಿ ಬದಲಾಗದಿದ್ದರೂ ಭದ್ರತೆಯ ಸೆಟ್ಟಿಂಗ್‌ಗಳನ್ನು ಅದು 16 ಗಂಟೆಗೊಮ್ಮೆ ಮತ್ತೆ ಹೇರುತ್ತದೆ. ಸ್ಯಾಪ್‌ನಲ್ಲಾದರೆ, ರೋಲ್ ಮೂಲಕ ಬರದೆ ಕೈಯಿಂದ ಅಂಟಿಸಿದ ಜನರೇಟೆಡ್ ಪ್ರೊಫೈಲನ್ನು ಯೂಸರ್ ಕಂಪ್ಯಾರಿಸನ್ ಕಿತ್ತುಹಾಕುತ್ತದೆ. ಯಾರು ತೆಗೆದರೆಂದು ಲಾಗ್ ನೋಡಿ; ಲಾಗ್ ಇಲ್ಲ ಎಂದು ಯಾರೂ ಹೇಳುವಂತಿಲ್ಲ. 180 ದಿನದ ಲಾಗ್ ಇಟ್ಟಿರಬೇಕೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್ 28ರಂದೇ ಆದೇಶಿಸಿದೆ. ವಿಂಡೋಸ್ ಲಾಗಿನಲ್ಲಿ ಸದಸ್ಯರನ್ನು ಗ್ಲೋಬಲ್ ಗುಂಪಿನಿಂದ ತೆಗೆದರೆ ಇವೆಂಟ್ ಐಡಿ 4729, ಲೋಕಲ್ ಗುಂಪಿನಿಂದ ತೆಗೆದರೆ 4733. ಆಡಿಟಿಂಗ್ ಆನ್ ಇದ್ದರೆ ತೆಗೆದವರ ಖಾತೆಯ ಹೆಸರು ಅಲ್ಲೇ ಸಿಗುತ್ತದೆ.

ಸ್ಟೋರ್ಸ್ ಹುಡುಗನದ್ದು ಮಾತ್ರ ಇವು ಯಾವುವೂ ಅಲ್ಲ. ಅವನು ಗುತ್ತಿಗೆ ನೌಕರ. ಗುತ್ತಿಗೆದಾರ ಬದಲಾದ, ಹುಡುಗನಿಗೆ ಹೊಸ ನೌಕರ ನಂಬರ್ ಬಂತು, ಎಚ್‌ಆರ್ ಕಡತದಲ್ಲಿ ಅವನು ಮತ್ತೆ ‘ಟ್ರೈನಿ’ ಆದ. ಆ ಕಡತ ರಾತ್ರಿ ಸಿಂಕ್ ಆಗುತ್ತದೆ, ಟ್ರೈನಿಗೆ ಜಿಆರ್‌ಎನ್ ಇಲ್ಲ. ಹಗಲು ನಾವು ಕೊಟ್ಟದ್ದನ್ನು ರಾತ್ರಿ ಎಚ್‌ಆರ್ ಕಡತ ತೆಗೆಯುತ್ತಿದೆ, ಎರಡೂ ಇಲಾಖೆ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿವೆ. ತಿದ್ದಬೇಕಾದದ್ದು ಆ ಕಡತದ ಒಂದು ಸಾಲು. ಅದನ್ನು ಮುಟ್ಟುವ ಅಧಿಕಾರ ನಮಗಿಲ್ಲ. ಎಚ್‌ಆರ್‌ನವರಿಗೆ ಇದು ತಮ್ಮ ತಲೆನೋವು ಎಂದೇ ತಿಳಿದಿಲ್ಲ.

‘ಹಾಗಾದ್ರೆ ಸಿಂಕ್ ನಿಲ್ಲಿಸಿಬಿಡಿ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆಲಸ ಬಿಟ್ಟು ಹೋದವರ ಬಾಗಿಲು ಮುಚ್ಚುವುದೂ ಅದೇ ಸಿಂಕ್. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂದು ಕಂಪ್ಯೂಟರ್ ಭದ್ರತೆಯ ಸಂಶೋಧಕರಾದ ಸಾಲ್ಟ್‌ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದರು. ಆದರೆ ಕೆಲಸ ಬದಲಾದರೆ ಅದನ್ನು ಯಾರು ಯಾರಿಗೆ ತಿಳಿಸಬೇಕು ಎಂಬುದು ಪ್ರತಿ ಕಂಪನಿಯೂ ತಾನೇ ಕೂತು ಬಗೆಹರಿಸಿಕೊಳ್ಳಬೇಕಾದ ಮಾತು.

ಮಧ್ಯಾಹ್ನದ ಗೋಷ್ಠಿಗೆ ಎಚ್‌ಆರ್‌ನವರನ್ನೂ ಗುತ್ತಿಗೆದಾರರನ್ನೂ ಕರೆದಿರುವುದು ಇದಕ್ಕೇ. ನಂಬರ್ ಬದಲಿಸುವಾಗ ಹಳೆಯ ಹುದ್ದೆಯ ವಿವರ ಹೊಸದಕ್ಕೆ ಹೋಗುವಂತೆ ನೋಡಿಕೊಳ್ಳಬೇಕಾದವರು ಯಾರು ಎಂದು ಅವರು ಹೇಳಲಿ, ನಾವು ಬರೆದುಕೊಳ್ಳೋಣ.